ಒಂದೇ ಸೈಟ್‌ಗೆ ತೋಟದವರೂ ಬರುತ್ತಾರೆ, ಬಾಲ್ಕನಿಯವರೂ ಬರುತ್ತಾರೆ. ಯಾರಿಗೆ ಏನು ತೋರಿಸೋದು?

ಬಳ್ಳಿಮನೆ:
ಎಲ್ಲರಿಗೂ ನಮಸ್ಕಾರ. ಶಿರಸಿ ಹತ್ತಿರ ನಮ್ಮದೊಂದು ಸಣ್ಣ ನರ್ಸರಿ ಇದೆ. ಕಾಳುಮೆಣಸು ಬಿಟ್ಟು ಬೇರೇನೂ ಮಾಡುವುದಿಲ್ಲ. ಪಣಿಯೂರು-1 ತಳಿ, ಹಿಪ್ಪಲಿ ಗಿಡದ ಬುಡಕ್ಕೆ ಕಸಿ ಕಟ್ಟಿದ ಬಳ್ಳಿ, ಮತ್ತೆ ಕುಂಡದಲ್ಲಿ ಬೆಳೆಯೋ ಪೊದೆ ಮೆಣಸು. ಅಣ್ಣನ ಮಗ ವರ್ಡ್‌ಪ್ರೆಸ್‌ನಲ್ಲಿ ಸೈಟ್ ಮಾಡಿಕೊಟ್ಟಿದ್ದಾನೆ. ಜನ ಬರುತ್ತಾರೆ, ಆದರೆ ಅರ್ಧಕ್ಕರ್ಧ ಜನ ಬಂದ ಹಾಗೇ ಹೋಗುತ್ತಾರೆ.

ಕಾರಣ ನನಗೆ ಗೊತ್ತು. ತೋಟದವರು ಮುಖಪುಟದಲ್ಲಿ ಕುಂಡದ ಫೋಟೋ ನೋಡಿ ಇವರು ಶೋಕಿ ಗಿಡ ಮಾರೋರು ಅಂದುಕೊಳ್ಳುತ್ತಾರೆ. ಎರಡು ಗಿಡ ಬೇಕಾದ ಬೆಂಗಳೂರಿನವರು ‘ಕನಿಷ್ಠ 50 ಬಳ್ಳಿ’ ಅನ್ನೋ ಸಾಲು ನೋಡಿ ಓಡಿಹೋಗುತ್ತಾರೆ. ಮೊನ್ನೆ ಒಬ್ಬರು ಗೆಳೆಯರ ಜೊತೆ ಸೇರಿ 50 ಕಸಿ ಬಳ್ಳಿ ತರಿಸಿ, ತಮ್ಮ ಪಾಲಿನ ಎರಡನ್ನು ನಾಲ್ಕನೇ ಮಹಡಿಯಲ್ಲಿ ಇಟ್ಟುಕೊಂಡು, ಹತ್ತಿಸೋಕೆ ಮರ ಇಲ್ಲ ಈಗ ಏನು ಮಾಡಲಿ ಅಂತ ಫೋನ್ ಮಾಡಿದರು. ನಗೋದೋ ಅಳೋದೋ ತಿಳಿಯಲಿಲ್ಲ.

ಬೆಂಗಳೂರಿಂದ ನೋಡಿದವರಿಗೆ ಕುಂಡದ ಪುಟ, ಮಲೆನಾಡಿಂದ ನೋಡಿದವರಿಗೆ ತೋಟದ ಪುಟ ತಾನಾಗಿಯೇ ತೆರೆಯೋ ಹಾಗೆ ಮಾಡಬಹುದಾ? ಫೋನ್ ಕನ್ನಡದಲ್ಲಿದ್ದರೆ ಕನ್ನಡ, ಇಲ್ಲದಿದ್ದರೆ ಇಂಗ್ಲಿಷ್. ಇದಕ್ಕಾಗಿ ಸೈಟ್‌ಗೆ ಸೇರಿಸೋ ಪ್ಲಗಿನ್‌ಗಳಲ್ಲಿ ಯಾವುದು ಒಳ್ಳೆಯದು?

ಹಳೇಸರ್ವರ್:
ಮಾಡಬಹುದು, ಆದರೆ ಮಾಡಬೇಡಿ.

ಐಪಿ, ಅಂದರೆ ನೋಡುವವರ ಇಂಟರ್ನೆಟ್ ಸಂಪರ್ಕದ ನಂಬರ್, ನೋಡಿ ದೇಶ ಹೇಳಬಹುದು, ಅದು ಬಹುತೇಕ ಸರಿ ಇರುತ್ತದೆ. ಊರು ಹೇಳುತ್ತದೆ ಅಂತ ನಂಬಿದರೆ ಕೆಟ್ಟಿರಿ. ಮೊಬೈಲ್ ಡೇಟಾದಲ್ಲಿ ತುಂಬಾ ಜನ ಒಂದೇ ಐಪಿ ಹಂಚಿಕೊಂಡಿರುತ್ತಾರೆ, ಅದು ಮೊಬೈಲ್ ಕಂಪನಿ ಅವರನ್ನೆಲ್ಲ ಇಂಟರ್ನೆಟ್‌ಗೆ ಸೇರಿಸೋ ಗೇಟ್‌ವೇ ಇರೋ ಊರನ್ನು ತೋರಿಸುತ್ತದೆ. ಸಿದ್ದಾಪುರದ ತೋಟದಲ್ಲಿ ಕೂತು ನೋಡುವವನು ನಿಮ್ಮ ಪ್ಲಗಿನ್‌ಗೆ ಬೆಂಗಳೂರಿನವನಾಗಿಯೋ ಚೆನ್ನೈನವನಾಗಿಯೋ ಕಾಣಬಹುದು.

ಭಾಷೆಯ ಕಥೆಯೂ ಅಷ್ಟೇ. ಬ್ರೌಸರ್ ‘ಆಕ್ಸೆಪ್ಟ್ ಲ್ಯಾಂಗ್ವೇಜ್’ ಅಂತ ಒಂದು ಹೆಡರ್, ಅಂದರೆ ಯಾವ ಭಾಷೆ ಬೇಕು ಅನ್ನೋ ಚೀಟಿ, ಕಳಿಸುತ್ತದೆ. ಅದು ಸಾಮಾನ್ಯವಾಗಿ ಫೋನಿನ ಸೆಟ್ಟಿಂಗ್‌ನ ಭಾಷೆ, ಮನುಷ್ಯನ ಭಾಷೆ ಅಲ್ಲ. ನಮ್ಮಪ್ಪ ಓದೋದು ಕನ್ನಡ ಪೇಪರ್ ಮಾತ್ರ. ಫೋನ್ ಇಂಗ್ಲಿಷ್‌ನಲ್ಲಿದೆ, ಯಾಕೆಂದರೆ ಅಂಗಡಿಯವನು ಹಾಗೇ ಹಾಕಿ ಕೊಟ್ಟ. ನಿಮ್ಮ ತೋಟದ ಗಿರಾಕಿಗಳಲ್ಲಿ ಇಂಥವರೇ ಜಾಸ್ತಿ ಇರುತ್ತಾರೆ, ಅಲ್ವಾ?

ಇನ್ನೊಂದು. ಹುಡುಕಾಟಕ್ಕಾಗಿ ಸೈಟ್‌ಗಳನ್ನು ಓದಿಕೊಳ್ಳೋ ಗೂಗಲ್‌ನ ಬಾಟ್ ಬಹುಪಾಲು ಅಮೆರಿಕದ ಐಪಿಯಿಂದ ಬರುತ್ತದೆ, ಆ ಭಾಷೆಯ ಹೆಡರನ್ನೂ ಕಳಿಸುವುದಿಲ್ಲ. ಒಂದೇ ವೆಬ್ ವಿಳಾಸದಲ್ಲಿ ಪುಟ ಬದಲಾಯಿಸಿದರೆ ಅದಕ್ಕೆ ನಿಮ್ಮ ಮಲೆನಾಡಿನ ಪುಟ ಕಾಣಿಸೋದೇ ಇಲ್ಲ. ಕಾಣದ್ದನ್ನು ಹುಡುಕಿದವರಿಗೆ ಹೇಗೆ ತೋರಿಸೀತು? ತೋಟಕ್ಕೆ ಒಂದು ವಿಳಾಸ, ಕುಂಡಕ್ಕೆ ಒಂದು ವಿಳಾಸ ಇರಲಿ. ಪ್ರತಿಯೊಂದಕ್ಕೂ ಕನ್ನಡ, ಇಂಗ್ಲಿಷ್ ರೂಪ ಬೇರೆ ಬೇರೆ ವಿಳಾಸದಲ್ಲಿರಲಿ, ನಡುವೆ ಹ್ರೆಫ್‌ಲ್ಯಾಂಗ್ ಕೊಂಡಿ ಹಾಕಿ, ಇದೇ ಪುಟ ಇನ್ನೊಂದು ಭಾಷೆಯಲ್ಲಿ ಎಲ್ಲಿದೆ ಅಂತ ಗೂಗಲ್‌ಗೆ ಹೇಳೋ ಗುರುತು ಅದು. ಕನ್ನಡ ಪುಟ ಇಂಗ್ಲಿಷ್ ಪುಟವನ್ನು ತೋರಿಸಬೇಕು, ಅದು ತಿರುಗಿ ಇದನ್ನು ತೋರಿಸಬೇಕು. ಒಂದು ಕಡೆ ಮಾತ್ರ ಹಾಕಿದರೆ ಗೂಗಲ್ ಲೆಕ್ಕಕ್ಕೆ ತಗೊಳ್ಳೋದಿಲ್ಲ. ಪಾಲಿಲ್ಯಾಂಗ್ ಪ್ಲಗಿನ್ ಇದನ್ನು ತಾನೇ ಮಾಡುತ್ತದೆ, ಫ್ರೀ ರೂಪವೇ ಸಾಕು.

ಕಾಫಿತಿಂಡಿ:
ಮೇಲಿನವರು ಹೇಳಿದ್ದು ಕೇಳಿ, ನಾನು ಕೇಳದೆ ಅನುಭವಿಸಿದ್ದೇನೆ. ನಮ್ಮದು ಹೋಮ್‌ಸ್ಟೇ. ಹೊರದೇಶದಿಂದ ನೋಡಿದರೆ ಡಾಲರ್‌ನಲ್ಲಿ ದರ, ಇಲ್ಲಿಂದ ನೋಡಿದರೆ ರೂಪಾಯಿಯಲ್ಲಿ ಬರೋ ಹಾಗೆ ಮಾಡಿಸಿದ್ದೆ. ಸೈಟ್ ನಿಧಾನ ಅಂತ ಅದರ ಮೇಲೆ, ಪುಟದ ನಕಲು ಇಟ್ಟುಕೊಂಡು ಬೇಗ ಕೊಡೋ ಕ್ಯಾಶ್ ಪ್ಲಗಿನ್ ಒಂದನ್ನು ಬೇರೆ ಹಾಕಿದೆ. ಮೊದಲು ಯಾರು ನೋಡಿದರೋ ಅವರ ಪುಟವನ್ನೇ ಅದು ಎತ್ತಿಟ್ಟುಕೊಂಡು ಊರಿಗೆಲ್ಲ ಹಂಚಿತು. ಹುಬ್ಬಳ್ಳಿಯವರೊಬ್ಬರು ಫೋನ್ ಮಾಡಿ ‘ನಮ್ಮನ್ನೇನ್ ಫಾರಿನ್ನವ್ರು ಅಂತ ಮಾಡೀರೇನ್ರೀ’ ಅಂದಾಗಲೇ ಗೊತ್ತಾಗಿದ್ದು. ನಾನು ನೋಡಿದರೆ ಎಲ್ಲ ಸರಿಯಾಗೇ ಕಾಣುತ್ತಿತ್ತು, ಯಾಕೆಂದರೆ ಲಾಗಿನ್ ಆದವರಿಗೆ ಕ್ಯಾಶ್ ಪುಟ ಬರುವುದಿಲ್ಲ! ಅದು ಹೊಳೆಯೋಕೆ ಮೂರು ದಿನ ಹಿಡಿಯಿತು. ಲಾಗೌಟ್ ಆಗಿ, ಬೇರೆಯವರ ಫೋನಿನಲ್ಲಿ ನೋಡಿ, ಇಷ್ಟೇ ನನ್ನ ಸಲಹೆ.

ಅಕ್ಷರದಂಗಡಿ:
ಪ್ಲಗಿನ್ ಆಮೇಲೆ ನೋಡೋಣ ಸಾರ್. ಮೊದಲು ನಿಮ್ಮ ವಾಟ್ಸ್ಯಾಪ್ ತೆಗೆಯಿರಿ. ವಿಚಾರಿಸಿದವರ ಮೆಸೇಜ್ ಒಂದು 40 ಓದಿ, ಅವರ ಮೊದಲ ಪ್ರಶ್ನೆಯನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ತೋಟದವರು ‘ಸೊರಗು ರೋಗ ತಡೆಯುತ್ತದಾ’, ‘ನೀರು ನಿಲ್ಲೋ ಜಾಗಕ್ಕೆ ಆಗುತ್ತದಾ’, ‘500 ಬಳ್ಳಿಗೆ ರೇಟ್ ಎಷ್ಟು’, ‘ಮಳೆ ಹಿಡಿಯೋದರೊಳಗೆ ಸಿಗುತ್ತದಾ’ ಅಂತ ಕೇಳಿರುತ್ತಾರೆ. ಪೇಟೆಯವರು ಬಿಸಿಲು ಎಷ್ಟು ಬೇಕು, ಕೊರಿಯರ್‌ನಲ್ಲಿ ಗಿಡ ಸಾಯುವುದಿಲ್ಲವಾ ಅಂತ. ಆ ಪ್ರಶ್ನೆಗಳೇ ಪುಟದ ತಲೆಬರಹ. ‘ಉತ್ಕೃಷ್ಟ ಗುಣಮಟ್ಟದ ಸಸ್ಯಗಳು’ ಅಂತ ಇದ್ದರೆ ದಯವಿಟ್ಟು ಅಳಿಸಿ, ಹಾಗಂತ ಯಾರೂ ಹುಡುಕುವುದಿಲ್ಲ.

ಮತ್ತೆ, ಬೆಂಗಳೂರು ಅಂದರೆ ಬಾಲ್ಕನಿ ಅಂತ ಯಾಕೆ ಅಂದುಕೊಂಡಿರಿ? ಸಾಗರದಲ್ಲಿ ಮೂರು ಎಕರೆ ತೋಟ ಇಟ್ಟುಕೊಂಡು ಇಲ್ಲಿ ಆಫೀಸಿಗೆ ಹೋಗೋರು ನಮ್ಮ ಬಿಲ್ಡಿಂಗಿನಲ್ಲೇ ಇಬ್ಬರಿದ್ದಾರೆ. ಅಪ್ಪನ ಪರವಾಗಿ ಗಿಡ ಹುಡುಕೋದು ಅವರೇ. ಐಪಿ ಸರಿಯಾಗಿ ಊರು ಹೇಳಿದರೂ ಅವರಿಗೆ ತಪ್ಪು ಪುಟವೇ ಹೋಗುತ್ತದೆ.

ಸುಮ್ನೆ ಕೇಳಿಬಿಡಿ. ಮುಖಪುಟದಲ್ಲಿ ಒಂದೇ ಪ್ರಶ್ನೆ, ‘ಗಿಡ ಎಲ್ಲಿಗೆ ಬೇಕು?’ ಕೆಳಗೆ ಎರಡು ದೊಡ್ಡ ಬಟನ್, ‘ತೋಟಕ್ಕೆ’, ‘ಮನೆಗೆ’. ‘ರೈತರು’, ‘ಗ್ರಾಹಕರು’ ಅಂತ ಬರೆಯಬೇಡಿ. ನಾನು ಯಾರು ಅಂತ ಯೋಚಿಸೋಕೆ ಯಾರೂ ಸೈಟ್‌ಗೆ ಬರೋದಿಲ್ಲ.

ಕ್ಲಿಕ್‌ರಾಯ:
ಎಲ್ಲ ಸರಿ, ಆದರೆ ಬಂದವರನ್ನೆಲ್ಲ ಬಾಗಿಲಲ್ಲಿ ನಿಲ್ಲಿಸಿ ಕೇಳೋದು ನನಗೆ ಒಪ್ಪಿಗೆ ಇಲ್ಲ. ಒಂದು ಕ್ಲಿಕ್ ಜಾಸ್ತಿ ಅಂದರೂ ಜನ ಜಾರುತ್ತಾರೆ. ಅಡಿಕೆ ಬೆಳೆಗಾರರ ವಾಟ್ಸ್ಯಾಪ್ ಗುಂಪಿಗೆ ಹಾಕುವಾಗ ತೋಟದ ಪುಟದ ಲಿಂಕನ್ನೇ ಹಾಕಿ, ಇನ್‌ಸ್ಟಾಗ್ರಾಮ್‌ನಲ್ಲಿ ಕುಂಡದ ಪುಟದ್ದು. ಊರು ನೋಡಿ ತೋರಿಸೋ ಆಸೆ ಇದ್ದರೆ ಅದನ್ನು ಜಾಹೀರಾತಿನಲ್ಲಿ ತೀರಿಸಿಕೊಳ್ಳಿ. ಅಲ್ಲಿ ತಪ್ಪಿದರೆ ನಾಲ್ಕು ಕಾಸು ಹೋಗುತ್ತದೆ, ಸೈಟ್‌ನಲ್ಲಿ ತಪ್ಪಿದರೆ ಗಿರಾಕಿಯೇ ಹೋಗುತ್ತಾನೆ.

ಹಳೇಸರ್ವರ್:
ಒಪ್ಪಿದೆ. ಒಮ್ಮೆ ಆರಿಸಿದ್ದನ್ನು ಕುಕಿಯಲ್ಲಿ, ಅಂದರೆ ಅವರ ಬ್ರೌಸರ್‌ನಲ್ಲೇ ಇಡೋ ಸಣ್ಣ ಟಿಪ್ಪಣಿಯಲ್ಲಿ, ನೆನಪಿಟ್ಟುಕೊಳ್ಳಬಹುದು. ಆದರೆ ಎರಡೂ ಪುಟದ ಮೇಲೆ ಇನ್ನೊಂದರ ಲಿಂಕ್ ಯಾವಾಗಲೂ ಕಾಣುತ್ತಿರಲಿ.

ಬಳ್ಳಿಮನೆ:
ನಿನ್ನೆ ರಾತ್ರಿ ಕೂತು 40 ಮೆಸೇಜ್ ಓದಿದೆ. ಬೆಂಗಳೂರಿನವರು 17 ಮಂದಿ, ಅದರಲ್ಲಿ 6 ಜನ ಊರಿನ ತೋಟಕ್ಕೆ ಕೇಳಿದವರು! ಅವರಿಗೆಲ್ಲ ಕುಂಡ ತೋರಿಸೋಕೆ ಹೊರಟಿದ್ದೆ ನಾನು. ಪ್ಲಗಿನ್ ವಿಚಾರ ಬಿಟ್ಟೆ. ಎರಡು ಪುಟ ಮಾಡೋಕೆ ಹುಡುಗನಿಗೆ ಹೇಳಿದ್ದೇನೆ. ‘ಕನಿಷ್ಠ 50’ ತೋಟದ ಪುಟಕ್ಕೆ ಹೋಯಿತು. ಕುಂಡದ ಪುಟದ ನೆತ್ತಿಯ ಮೇಲೆ ‘ಇದಕ್ಕೆ ಮರ ಬೇಡ’ ಅಂತ ದಪ್ಪಕ್ಷರದಲ್ಲಿ ಬರೆಸಿದ್ದೇನೆ. ನಾಲ್ಕನೇ ಮಹಡಿಯವರಿಗೆ ಎರಡು ಪೊದೆ ಮೆಣಸು ಕಳಿಸಿದೆ, ದುಡ್ಡು ತಗೊಳ್ಳಲಿಲ್ಲ.