‘ಪ್ರೋಟೋಕಾಲ್’: ಶಿಷ್ಟಾಚಾರವೋ, ಕಟ್ಟಳೆಯೋ?

ಎಲ್ಲರಿಗೂ ನಮಸ್ಕಾರ. ಉಡುಪಿ, ಮಣಿಪಾಲ ಕಡೆಯ ಫೋಟೋ ಸ್ಟುಡಿಯೋ, ಕ್ಲಿನಿಕ್‌ಗಳಲ್ಲಿ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕೆಲಸ. ನೆಟ್‌ವರ್ಕ್ ಡ್ರೈವ್‌ಗೆ ಬ್ಯಾಕಪ್ ಹೋಗದಿದ್ದರೆ ಏನೇನು ನೋಡಬೇಕು ಅಂತ ಅವರಿಗಾಗಿ ಕನ್ನಡದಲ್ಲಿ ಒಂದು ಪುಟ ಬರೆಯುತ್ತಿದ್ದೇನೆ. ಎರಡು ಯಂತ್ರಗಳು ಮಾತಾಡಿಕೊಳ್ಳಲು ಒಪ್ಪಿಕೊಂಡಿರುವ ನಿಯಮಗಳಿಗೆ ಇಂಗ್ಲಿಷ್‌ನಲ್ಲಿ ‘ಪ್ರೋಟೋಕಾಲ್’ ಅನ್ನುತ್ತಾರೆ. ಅದಕ್ಕೆ ಕನ್ನಡ ಪದ ಸಿಗದೆ ಬರಹ ನಿಂತಿದೆ.

ಪದ ಯಾಕೆ ಬೇಕು ಅಂದರೆ, ಇಲ್ಲಿ ಜಾಸ್ತಿ ಕಾಣುವ ತೊಂದರೆ ಹೀಗಿರುತ್ತದೆ. ಲ್ಯಾಪ್‌ಟಾಪ್ ಹೊಸದು, ಮೂಲೆಯಲ್ಲಿರುವ ಡ್ರೈವ್ ಹಳೆಯದು. ಕೇಬಲ್ ಸರಿ ಇದೆ, ಹಸಿರು ದೀಪ ಮಿಣುಗುತ್ತಿದೆ, ಪಿಂಗ್ ಮಾಡಿದರೆ, ಅಂದರೆ ಲ್ಯಾಪ್‌ಟಾಪ್‌ನಿಂದ ‘ಇದ್ದೀಯಾ’ ಎಂದು ಕೇಳಿದರೆ, ಉತ್ತರವೂ ಬರುತ್ತದೆ. ಫೋಲ್ಡರ್ ಮಾತ್ರ ತೆರೆಯುವುದಿಲ್ಲ. ಈ ಷೇರ್‌ಗೆ ಎಸ್‌ಎಂಬಿ1 ಎಂಬ ಹಳೆಯ ಪ್ರೋಟೋಕಾಲ್ ಬೇಕು, ಅದು ಸುರಕ್ಷಿತವಲ್ಲ ಎಂದು ವಿಂಡೋಸ್ ಹೇಳುತ್ತದೆ. (ಎಸ್‌ಎಂಬಿ ಅಂದರೆ ನೆಟ್‌ವರ್ಕ್‌ನಲ್ಲಿ ಫೈಲ್ ಹಂಚಿಕೊಳ್ಳುವ ಪ್ರೋಟೋಕಾಲ್, 1 ಅದರ ಮೊದಲ ಆವೃತ್ತಿ.) ಆ ಸಂದೇಶ ಓದದೆ ‘ಡ್ರೈವ್ ಹಾಳಾಯ್ತು ಮಾರಾಯ್ರೆ’ ಅಂತ ಫೋನ್ ಬರುತ್ತದೆ.

ಡ್ರೈವ್ ಹಾಳಾಗಿರುವುದಿಲ್ಲ. ಫೋಲ್ಡರ್ ತೆರೆಯುವ ಮೊದಲು ಲ್ಯಾಪ್‌ಟಾಪ್ ‘ನನಗೆ ಎಸ್‌ಎಂಬಿಯ ಇಂತಿಂಥ ಆವೃತ್ತಿ ಗೊತ್ತು’ ಎಂದು ಪಟ್ಟಿ ಕೊಡುತ್ತದೆ. ಅದರಲ್ಲಿ ತನಗೂ ಗೊತ್ತಿರುವ ಹೊಸದನ್ನು ಡ್ರೈವ್ ಆರಿಸುತ್ತದೆ. ಎರಡಕ್ಕೂ ಗೊತ್ತಿರುವುದು ಒಂದೂ ಇಲ್ಲದಿದ್ದರೆ ಮಾತುಕತೆ ಅಲ್ಲಿಗೇ ಮುಗಿಯಿತು. 2017ರ ಮೇ ತಿಂಗಳಲ್ಲಿ, ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ವನ್ನಾಕ್ರೈ ಎಂಬ ಕುತಂತ್ರಾಂಶ ಹಬ್ಬಿದ್ದು ಎಸ್‌ಎಂಬಿ1ರ ದೋಷದಿಂದ. ಅದೇ ವರ್ಷದ ಕೊನೆಯಿಂದ ಮೈಕ್ರೋಸಾಫ್ಟ್ ಅದನ್ನು ವಿಂಡೋಸ್‌ನಿಂದ ಹಂತ ಹಂತವಾಗಿ ತೆಗೆಯುತ್ತಾ ಬಂದಿದೆ. ಹಾಗಾಗಿ ಲ್ಯಾಪ್‌ಟಾಪ್‌ನಲ್ಲಿ ಎಸ್‌ಎಂಬಿ1 ಮತ್ತೆ ಆನ್ ಮಾಡಬೇಡಿ, ಡ್ರೈವ್‌ನ ಸೆಟ್ಟಿಂಗ್ಸ್‌ನಲ್ಲಿ ಎಸ್‌ಎಂಬಿ 2 ಅಥವಾ 3 ಆನ್ ಮಾಡಿ ಅಂತ ಬರೆದಿದ್ದೇನೆ. ಮ್ಯಾಕ್ ಇರುವ ಸ್ಟುಡಿಯೋಗಳದ್ದೂ ಹೆಚ್ಚುಕಡಿಮೆ ಇದೇ ಕತೆ. ಅಲ್ಲಿ ಹಳೆಯದು ಎಎಫ್‌ಪಿ ಎಂಬ ಆಪಲ್‌ನದೇ ಪ್ರೋಟೋಕಾಲ್, ಈಗ ಮ್ಯಾಕ್‌ನಲ್ಲಿ ಬ್ಯಾಕಪ್ ಮಾಡುವ ಟೈಮ್ ಮೆಷೀನ್‌ಗೂ ಎಸ್‌ಎಂಬಿಯೇ.

ಈಗ ಪದಕ್ಕೆ ಬರೋಣ. ಪತ್ರಿಕೆಗಳಲ್ಲಿ ಪ್ರೋಟೋಕಾಲ್ ಅಂದರೆ ‘ಶಿಷ್ಟಾಚಾರ’. ಮಂತ್ರಿಗಳನ್ನು ವೇದಿಕೆಯಲ್ಲಿ ಎಲ್ಲಿ ಕೂರಿಸಬೇಕು ಅನ್ನುವುದಕ್ಕೆ ಅದು ಸರಿ. ‘ನಿಮ್ಮ ಶಿಷ್ಟಾಚಾರ ಹಳೆಯದು, ಬದಲಾಯಿಸಿ’ ಎಂದು ಗಿರಾಕಿಗೆ ಬರೆದುಕೊಟ್ಟರೆ ಮತ್ತೆ ಆ ಅಂಗಡಿಗೆ ಕಾಲಿಡುವ ಹಾಗಿಲ್ಲ. ‘ಒಡಂಬಡಿಕೆ’ ಅರ್ಥಕ್ಕೆ ಹತ್ತಿರ. ಆದರೆ ‘ಹಳೆಯ ಒಡಂಬಡಿಕೆ’, ‘ಹೊಸ ಒಡಂಬಡಿಕೆ’ ಎಂದ ಕೂಡಲೇ ಮಂಗಳೂರಿನಲ್ಲಿ ಅರ್ಧ ಜನಕ್ಕೆ ಬೈಬಲ್ ನೆನಪಾಗುತ್ತದೆ. ‘ನಡಾವಳಿ’ ಸರಕಾರಿ ಸಭೆಯ ವರದಿಗೆ ಮೀಸಲಾಗಿಬಿಟ್ಟಿದೆ.

ಬಾಯಲ್ಲಿ ಹೇಳುವಾಗ ನಾನು ‘ಭಾಷೆ’ ಅನ್ನುತ್ತೇನೆ. ಚೆನ್ನಾಗಿ ಹೊಂದುತ್ತದೆ, ಭಾಷೆ ಕೊಡುವುದು ಅಂದರೆ ಮಾತು ಕೊಡುವುದು ಅಂತಲೂ ಇದೆಯಲ್ವಾ. ಆದರೆ ಬರಹದಲ್ಲಿ ಎಡವಟ್ಟು. ‘ಡ್ರೈವ್‌ನ ಭಾಷೆ ಬದಲಾಯಿಸಿ’ ಎಂದು ಓದಿದ ಒಬ್ಬರು ಸೆಟ್ಟಿಂಗ್ಸ್‌ಗೆ ಹೋಗಿ ಇಂಗ್ಲಿಷ್ ತೆಗೆದು ಜರ್ಮನ್ ಹಾಕಿದ್ದರು. ಅದನ್ನು ವಾಪಸ್ ತರುವಷ್ಟರಲ್ಲಿ ಸಾಕಾಯಿತು.

ಸದ್ಯಕ್ಕೆ ‘ಕಟ್ಟಳೆ’ ಹಾಕಿದ್ದೇನೆ. ದೈವದ ಕೋಲದ ಕಟ್ಟುಕಟ್ಟಳೆ ಅಂತ ಇಲ್ಲಿ ಎಲ್ಲರೂ ಆಡುವ ಮಾತು, ಬಿಡಿಸಿ ಹೇಳಬೇಕಾಗಿಲ್ಲ. ‘ಎರಡೂ ಕಡೆ ಒಂದೇ ಕಟ್ಟಳೆ ಇರಬೇಕು’ ಎಂಬ ವಾಕ್ಯವೂ ನಿಲ್ಲುತ್ತದೆ. ಒಂದೇ ಅಳುಕು: ಕಟ್ಟಳೆ ಮೇಲಿನವರು ಹಾಕಿಕೊಟ್ಟದ್ದು. ಇಲ್ಲಿ ಆಗುವುದು ಎರಡು ಕಡೆಯವರು ಕೇಳಿ, ಹೇಳಿ, ಒಪ್ಪಿಕೊಳ್ಳುವುದು. ಆ ಚೌಕಾಸಿಯ ಅರ್ಥ ಕಟ್ಟಳೆಯಲ್ಲಿ ಇಲ್ಲ.

ಸುಮ್ನೆ ‘ಪ್ರೋಟೋಕಾಲ್’ ಅಂತಲೇ ಬಿಡಿ ಎನ್ನುವವರೂ ಇರುತ್ತಾರೆ. ಬಿಡಬಹುದು, ಆದರೆ ಕೋವಿಡ್ ಕಾಲದಿಂದ ಕ್ಲಿನಿಕ್‌ನವರಿಗೆ ಆ ಪದ ಅಂದರೆ ಮಾಸ್ಕು, ಸ್ಯಾನಿಟೈಸರ್.

ನನ್ನ ಪ್ರಶ್ನೆ ಇಷ್ಟೇ. ವ್ಯವಹಾರ ಶುರುವಾಗುವ ಮೊದಲೇ ಇಬ್ಬರೂ ಒಪ್ಪಿಕೊಂಡಿರುವ ರೀತಿಗೆ ನಿಮ್ಮ ಕಡೆ ಬಳಕೆಯಲ್ಲಿರುವ ಪದ ಯಾವುದು? ಮಲ್ಪೆ ಬಂದರಿನ ಮೀನು ಏಲಂನವರ ಬಾಯಲ್ಲೋ, ಕುಂದಾಪ್ರ ಕನ್ನಡದಲ್ಲೋ, ತುಳುವಿನಲ್ಲೋ ಇದ್ದರೂ ಆದೀತು. ವಾಕ್ಯದಲ್ಲಿ ಬಳಸಿ ತೋರಿಸಿದರೆ ಇನ್ನೂ ಒಳ್ಳೆಯದು.