ಜನ ಇಳಿಯದ ಜಾಗದಲ್ಲಿ ಒಳ್ಳೆ ಲೂಟ್ ಸಿಗೋದು ಹೇಗೆ?

ಒಂಟಿಬಾಣ:

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ತಲೆ ಕೊರೆಯುತ್ತಿರುವ ಪ್ರಶ್ನೆ ಇದು. ನಾನು ಹೆಚ್ಚಾಗಿ ಪಬ್‌ಜಿ ಮೊಬೈಲ್‌ನಲ್ಲಿ (ವಿಮಾನದಿಂದ ಹಾರಿ ಇಳಿದು, ಕೊನೆಗೆ ಉಳಿದವರು ಗೆಲ್ಲುವ ಗೇಮ್) ಎರಾಂಗೆಲ್ ಮ್ಯಾಪ್ ಆಡುತ್ತೇನೆ. ಕೆಲವು ಸಲ ಒಬ್ಬನೇ, ಕೆಲವು ಸಲ ಇಬ್ಬರು ಗೆಳೆಯರ ಜೊತೆ. ಪೊಚಿಂಕಿ, ಸ್ಕೂಲ್, ಮಿಲಿಟರಿ ಬೇಸ್ ಇಂಥ ಕಡೆ ಇಳಿದರೆ ಕೈಗೆ ಗನ್ ಸಿಗುವ ಮೊದಲೇ ಯಾರೋ ಹೊಡೆದು ಹಾಕಿರುತ್ತಾರೆ. ಹಾಗಂತ ಮೂಲೆಗೆ ಹೋದರೆ ಜೀವ ಉಳಿಯುತ್ತದೆ, ಆದರೆ ಲೂಟ್, ಅಂದರೆ ಎತ್ತಿಕೊಳ್ಳಲು ಗನ್, ವೆಸ್ಟ್ ಇಂಥ ಸಾಮಾನು, ಇರುವುದಿಲ್ಲ.

ನಿನ್ನೆ ರಾತ್ರಿ ಆಗಿದ್ದು ಹೇಳುತ್ತೇನೆ. ಜಾರ್ಕಿಯಲ್ಲಿ ಒಬ್ಬನೇ ಇಳಿದೆ. ಸುತ್ತ ಯಾರೂ ಇಲ್ಲ. ಒಂದೊಂದೇ ಮನೆ ತಡಕಿದೆ, ಒಂದು ಮೂಲೆಯನ್ನೂ ಬಿಡಲಿಲ್ಲ. ಸಿಕ್ಕಿದ್ದು ಲೆವೆಲ್ 1 ಹೆಲ್ಮೆಟ್, ಲೆವೆಲ್ 2 ವೆಸ್ಟ್, ಒಂದು ಶಾಟ್‌ಗನ್, ಯೂಎಂಪಿ ಅನ್ನುವ ಸಣ್ಣ ಗನ್, ಒಂದು ರೆಡ್ ಡಾಟ್ (ಗುರಿ ಹಿಡಿಯುವ ಸಾದಾ ಸೈಟ್). ಮ್ಯಾಪ್ ತೆಗೆದು ನೋಡಿದರೆ ಜೋನ್ (ಆಟ ಸಾಗಿದಂತೆ ಕುಗ್ಗುವ ಸುರಕ್ಷಿತ ವೃತ್ತ) ಪೂರ್ತಿ ದಕ್ಷಿಣಕ್ಕೆ ಹೋಗಿದೆ. ಕಾರಿಲ್ಲ. ಓಡಿ ಓಡಿ ನೀಲಿ ಜೋನ್‌ನಲ್ಲೇ, ಅಂದರೆ ಆ ವೃತ್ತದ ಹೊರಗೆ ಜೀವ ತಿನ್ನುವ ಜಾಗದಲ್ಲೇ, ಸತ್ತೆ, ಒಬ್ಬ ಎನಿಮಿಯನ್ನೂ ನೋಡಲಿಲ್ಲ. ಇಪ್ಪತ್ತು ನಿಮಿಷ ಹಾಗೇ ಹೋಯಿತು ಅಂತ ನಿಜವಾಗಿಯೂ ಬೇಜಾರಾಯಿತು.

ನನ್ನ ಪ್ರಶ್ನೆ ಇಷ್ಟೇ: ಜನ ಕಡಿಮೆ ಇದ್ದು, ಲೆವೆಲ್ 3 ವೆಸ್ಟ್, ಎಂ416 ರೈಫಲ್, ಒಳ್ಳೆ ಸ್ಕೋಪ್ (ದೂರದ್ದು ಹತ್ತಿರ ಕಾಣಿಸುವ ದುರ್ಬೀನು) ಸಿಗುವ ಜಾಗಗಳು ಇವೆಯಾ? ಇದ್ದರೆ ಯಾವುವು? ಅಥವಾ ಇದೆಲ್ಲ ಬರೀ ಅದೃಷ್ಟನಾ?

ಕೊನೆಜೋನ್:

ಬ್ರೋ, ಜಾಗದ ಹೆಸರು ಹೇಳುವ ಮೊದಲು ಒಂದು ವಿಷಯ. ಶಾಂತವಾದ ಜಾಗ ಅಂತ ಮ್ಯಾಪ್‌ನಲ್ಲಿ ಗುರುತು ಹಾಕಿ ಇಟ್ಟಿರುವುದಿಲ್ಲ, ಅದನ್ನು ಪ್ರತಿ ಮ್ಯಾಚ್‌ನಲ್ಲೂ ವಿಮಾನದ ದಾರಿ ತೀರ್ಮಾನ ಮಾಡುತ್ತದೆ. ವಿಮಾನ ನೇರವಾಗಿ ಮೇಲೆ ಹಾದುಹೋದರೆ ಲಿಪೊವ್ಕಾದಂಥ ಸಣ್ಣ ಊರಲ್ಲೂ ಮೂರು ಸ್ಕ್ವಾಡ್ (ನಾಲ್ಕು ಜನರ ತಂಡ) ಇಳಿಯುತ್ತದೆ, ದಾರಿ ದೂರ ಇದ್ದರೆ ಮಿಲಿಟರಿ ಬೇಸ್‌ನಲ್ಲೇ ನೀವೊಬ್ಬರೇ ಇರಬಹುದು. ನಾನು ಎರಡನ್ನೂ ನೋಡಿದ್ದೇನೆ. ಹಾಗಾಗಿ ಒಂದೇ ಜಾಗವನ್ನು ಹಿಡಿದುಕೊಂಡು ಕೂರಬೇಡಿ. ಮ್ಯಾಪ್‌ನ ನಾಲ್ಕು ದಿಕ್ಕಿಗೆ ಒಂದೊಂದು ಜಾಗ ಕಲಿತಿಡಿ. ವಿಮಾನದ ಗೆರೆ ಕಂಡ ತಕ್ಷಣ ಅದರಲ್ಲಿ ಯಾವುದು ಗೆರೆಯಿಂದ ದೂರ ಇದೆ ಅಂತ ನೋಡಿ, ಅಲ್ಲಿಗೆ ಹೋಗಿ.

ಎರಡನೆಯದು, ಒಂದು ಜಾಗದಲ್ಲಿ ಎಷ್ಟು ಲೂಟ್ ಇದೆ ಅನ್ನುವುದಕ್ಕಿಂತ ನಿಮ್ಮ ಪಾಲಿಗೆ ಎಷ್ಟು ಬರುತ್ತದೆ ಅನ್ನುವುದು ಮುಖ್ಯ. ಪೊಚಿಂಕಿಯಲ್ಲಿ ರಾಶಿ ಇದೆ, ಆದರೆ ಹದಿನೈದು ಜನ ಹಂಚಿಕೊಂಡರೆ ನಿಮಗೆ ಎರಡು ಮನೆ ಸಿಕ್ಕರೆ ಹೆಚ್ಚು. ರಸ್ತೆ ಬದಿಯ ಮೂರು ಕಾಂಪೌಂಡ್‌ನಲ್ಲಿ (ಕೆಲವೇ ಮನೆಗಳ ಗುಂಪು) ಒಟ್ಟು ಎಂಟು ಮನೆ ಇದ್ದು ನೀವೊಬ್ಬರೇ ಇದ್ದರೆ ಎಂಟೂ ನಿಮ್ಮದೇ. ಹೆಸರಿಲ್ಲದ ಇಂಥ ಕಾಂಪೌಂಡ್‌ಗಳನ್ನು ಸರಪಳಿ ಥರ ಜೋಡಿಸಿಕೊಂಡು ಹೋಗುವುದೇ ನನ್ನ ಪದ್ಧತಿ. ಇಳಿಯುವಾಗಲೇ ಮೊದಲನೆಯದು, ಎರಡನೆಯದು, ಮೂರನೆಯದು ಅಂತ ಸಾಲು ಹಾಕಿರುತ್ತೇನೆ, ಆ ಸಾಲು ಮ್ಯಾಪ್‌ನ ಮಧ್ಯದ ಕಡೆಗೆ ಹೋಗುತ್ತಿರಬೇಕು. ಜಾರ್ಕಿಯಲ್ಲಿ ನೀವು ಮಾಡಿದ ತಪ್ಪು ಅಲ್ಲೇ. ಅದು ವಾಯವ್ಯದ ಮೂಲೆ, ಮುಂದೆ ಹೋಗಲು ದಾರಿಯಿದ್ದರೂ ನೀವು ಒಂದೇ ಊರಲ್ಲಿ ಎಲ್ಲ ಟೈಮ್ ಕಳೆದಿರಿ.

ಇನ್ನು ಜಾಗಗಳು. ಎರಾಂಗೆಲ್‌ನಲ್ಲಿ ನನಗೆ ಅತಿ ಇಷ್ಟ ಮಿಲ್ಟಾ ಪವರ್. ಪೂರ್ವದ ಅಂಚಿನಲ್ಲಿದೆ, ವಿಮಾನ ಪಶ್ಚಿಮದ ಕಡೆ ಹೋದರೆ ಯಾರೂ ಬರುವುದಿಲ್ಲ, ದೊಡ್ಡ ಕಟ್ಟಡದಲ್ಲೇ ಒಬ್ಬರಿಗೆ ಬೇಕಾದ್ದೆಲ್ಲ ಸಿಗುವುದು ಜಾಸ್ತಿ. ಮೆಟ್ಟಿಲು ಹತ್ತಿ ಮೇಲಿನ ಅಂತಸ್ತಿಂದ ಶುರು ಮಾಡಿ ಕೆಳಗೆ ಇಳಿಯಿರಿ, ಆಗ ಯಾರಾದರೂ ಬಂದರೂ ಎತ್ತರ ನಿಮ್ಮದು. ಶೆಲ್ಟರ್ ಕೂಡ ಒಳ್ಳೆಯದು, ನೆಲದ ಕೆಳಗಿನ ಬಂಕರ್‌ಗಳು, ಆದರೆ ಕಾಲಿನ ಸದ್ದು ಅಲ್ಲಿ ತುಂಬಾ ಗೊಂದಲ ಮಾಡುತ್ತದೆ, ಹೆಡ್‌ಫೋನ್ ಇಲ್ಲದೆ ಹೋಗಬೇಡಿ. ಸ್ಟಾಲ್ಬರ್ ಬೆಟ್ಟದ ಮೇಲಿದೆ, ಕಮೆಶ್ಕಿ ಅದಕ್ಕಿಂತಲೂ ಮೂಲೆ, ಎರಡನ್ನೂ ಸೇರಿಸಿ ಒಂದೇ ಸುತ್ತು ಮಾಡಬಹುದು. ಮಿರಾಮಾರ್ ಅನ್ನುವ ಇನ್ನೊಂದು ಮ್ಯಾಪ್ ಆಡುವುದಾದರೆ ಈಶಾನ್ಯ ಮೂಲೆಯ ಕ್ಯಾಂಪೋ ಮಿಲಿಟಾರ್. ಲೂಟ್ ತುಂಬಾ ಚೆನ್ನಾಗಿದೆ, ಜೋನ್ ಮಾತ್ರ ಬಹಳ ಸಲ ದೂರ ಬೀಳುತ್ತದೆ.

ದೂರ ಅಂದರೆ ಎಷ್ಟು ಅಂತ ಒಮ್ಮೆ ಲೆಕ್ಕ ಹಾಕಿ. ಎರಾಂಗೆಲ್ 8 ಕಿ.ಮೀ. ಉದ್ದ, 8 ಕಿ.ಮೀ. ಅಗಲ. ಮ್ಯಾಪ್‌ನಲ್ಲಿ ಕಾಣುವ ದೊಡ್ಡ ಚೌಕ ಒಂದೊಂದು 1 ಕಿ.ಮೀ. ಗನ್ ಬೆನ್ನಿಗೆ ಹಾಕಿ ಬರಿಗೈಯಲ್ಲಿ ಓಡಿದರೂ ಒಂದು ಚೌಕ ದಾಟಲು ಎರಡೂವರೆ ನಿಮಿಷಕ್ಕಿಂತ ಜಾಸ್ತಿ ಬೇಕು. ಜಾರ್ಕಿಯಿಂದ ದಕ್ಷಿಣಕ್ಕೆ ಐದು ಚೌಕ ಅಂದರೆ ಹನ್ನೆರಡು, ಹದಿಮೂರು ನಿಮಿಷದ ಓಟ. ಅದಕ್ಕೇ ಮೂಲೆಗೆ ಹೋಗುವ ದಿನ ಮೊದಲು ಕಾರು, ಆಮೇಲೆ ಲೂಟ್. ಪ್ಯಾರಾಚೂಟ್‌ನಲ್ಲಿ ಇಳಿಯುವಾಗಲೇ ರಸ್ತೆ ಮೇಲೆ ಗಾಡಿ ಎಲ್ಲಿ ನಿಂತಿದೆ ಅಂತ ನೋಡಿ, ಹತ್ತಿರ ಇದ್ದರೆ ತಂದು ಮನೆ ಹಿಂದೆ ನಿಲ್ಲಿಸಿ, ಆಮೇಲೆ ಒಳಗೆ ಹೋಗಿ.

ತುಕ್ಕುಗನ್:

ಕೊನೆಜೋನ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಬಾಗಿಲು ನೋಡಿ! ಮ್ಯಾಚ್ ಶುರುವಾದಾಗ ಮನೆ ಬಾಗಿಲುಗಳೆಲ್ಲ ಮುಚ್ಚಿರುತ್ತವೆ. ಒಂದು ಬಾಗಿಲು ತೆರೆದಿದ್ದರೆ ಯಾರೋ ಹೋಗಿದ್ದಾರೆ ಅಥವಾ ಇನ್ನೂ ಒಳಗಿದ್ದಾರೆ ಅಂತ ಅರ್ಥ. ನಾನು ಲೂಟ್ ಮಾಡಿ ಹೊರಗೆ ಬರುವಾಗ ಬಾಗಿಲು ಮತ್ತೆ ಮುಚ್ಚುತ್ತೇನೆ. ಅರ್ಧ ಸೆಕೆಂಡಿನ ಕೆಲಸ. ಹಿಂದೆ ಬರುವವನು ಖಾಲಿ ಮನೆಯಲ್ಲಿ ಟೈಮ್ ಕಳೆಯುತ್ತಾನೆ, ನಾನು ಪಕ್ಕದ ಮನೆಯಲ್ಲಿ ಇದ್ದೇನೆ ಅಂತ ಅವನಿಗೆ ಗೊತ್ತಾಗುವುದಿಲ್ಲ.

ನೇರಳೆಪೆಟ್ಟಿಗೆ:

ನಾನು ಪಬ್‌ಜಿ ಆಡುವುದು ಕಡಿಮೆ, ಏಪೆಕ್ಸ್ ಮತ್ತು ಫೋರ್ಟ್‌ನೈಟ್ ಅನ್ನುವ ಇದೇ ಥರದ ಗೇಮ್‌ಗಳು ಜಾಸ್ತಿ, ಆದರೆ ಪ್ರಶ್ನೆ ಎಲ್ಲಾ ಗೇಮ್‌ಗೂ ಒಂದೇ ಅಲ್ವಾ, ಅದಕ್ಕೆ ಬರೆಯುತ್ತಿದ್ದೇನೆ.

ಫೋರ್ಟ್‌ನೈಟ್‌ನಲ್ಲಿ ಬಣ್ಣವೇ ದರ್ಜೆ, ಕೆಳಗಿನಿಂದ ಮೇಲಕ್ಕೆ: ಬೂದು, ಹಸಿರು, ನೀಲಿ, ನೇರಳೆ, ಕಿತ್ತಳೆ. ಲೂಟ್ ತುಂಬಿದ ಪೆಟ್ಟಿಗೆ ಹತ್ತಿರ ಹೋದರೆ ಝುಂ ಅಂತ ಒಂದು ಸದ್ದು ಕೇಳಿಸುತ್ತದೆ. ಗೋಡೆ ಹಿಂದೆ, ಅಟ್ಟದಲ್ಲಿ ಇದ್ದರೂ ಕೇಳುತ್ತದೆ. ಹೆಸರಿಲ್ಲದ ಒಂದೊಂದು ಮನೆಯಲ್ಲೂ ಎರಡು ಮೂರು ಪೆಟ್ಟಿಗೆ ಇರಬಹುದು, ಜನ ನೆಲದ ಮೇಲಿದ್ದದ್ದು ಎತ್ತಿಕೊಂಡು ಓಡುತ್ತಾರೆ, ಅಟ್ಟ ನೋಡುವುದೇ ಇಲ್ಲ. ಇನ್ನೊಂದು, ಮೀನು ಹಿಡಿಯುವುದು. 2019ರ ಅಕ್ಟೋಬರ್‌ನಲ್ಲಿ ಎರಡನೇ ಚಾಪ್ಟರ್ ಬಂದಾಗ ಸೇರಿಸಿದ್ದು. ನೀರಲ್ಲಿ ಸುತ್ತು ಸುತ್ತು ಗುಳ್ಳೆ ಕಾಣುವ ಕಡೆ ಗಾಳ ಹಾಕಿದರೆ ಮೀನಷ್ಟೇ ಅಲ್ಲ, ಒಳ್ಳೆ ಗನ್ ಕೂಡ ಬರುತ್ತಿತ್ತು. ಕೆರೆ ದಂಡೆಯಲ್ಲಿ ಒಬ್ಬನೇ ನಿಂತು ನಾಲ್ಕು ಸಲ ಗಾಳ ಹಾಕಿ ನೀಲಿ, ನೇರಳೆ ಗನ್ ಕೈಗೆ ಬಂದಾಗಿನ ಖುಷಿ ನನಗೆ ಇವತ್ತಿಗೂ ನೆನಪಿದೆ.

ಏಪೆಕ್ಸ್ ಬೇರೆ ಥರ. ಅಲ್ಲಿ ಒಂದು ಜಾಗಕ್ಕೆ ಕಾಲಿಟ್ಟ ತಕ್ಷಣ ಅಲ್ಲಿನ ಲೂಟ್ ಯಾವ ದರ್ಜೆ ಅಂತ ಸ್ಕ್ರೀನ್ ಮೇಲೆ ಬರುತ್ತಿತ್ತು, ಮೇಲ್ದರ್ಜೆ ಅಂತ ಬಂದ ಕಡೆ ಎಲ್ಲರೂ ನುಗ್ಗುತ್ತಿದ್ದರು. ಆದರೆ 2024ರ ಫೆಬ್ರವರಿಯಲ್ಲಿ 20ನೇ ಸೀಸನ್ ಬಂದಾಗ ನೆಲದ ಮೇಲೆ ಬಿದ್ದಿರುತ್ತಿದ್ದ ಬಾಡಿ ಶೀಲ್ಡ್ (ಮೈಗೆ ರಕ್ಷಣೆ ಕೊಡುವ ಕವಚ) ತೆಗೆದರು. ಈಗ ಈವೋ ಪಾಯಿಂಟ್ ಗಳಿಸಿ ಶೀಲ್ಡ್ ಬೆಳೆಸಿಕೊಳ್ಳಬೇಕು. ಹೊಡೆದಾಡಿದರೆ ಬೇಗ ಬರುತ್ತದೆ, ಆದರೆ ಮ್ಯಾಪ್‌ನಲ್ಲಿ ಅಲ್ಲಲ್ಲಿ ಈವೋ ಹಾರ್ವೆಸ್ಟರ್ ಯಂತ್ರಗಳಿವೆ, ಅದನ್ನು ಮುಟ್ಟಿದರೂ ಪಾಯಿಂಟ್ ಸಿಗುತ್ತದೆ. ಹಾಗಾಗಿ ಅಲ್ಲಿ ಶಾಂತ ಆಟ ಆಡುವವರು ಲೂಟ್ ಹುಡುಕುವುದಕ್ಕಿಂತ ಹಾರ್ವೆಸ್ಟರ್‌ನಿಂದ ಹಾರ್ವೆಸ್ಟರ್‌ಗೆ ದಾರಿ ಹಾಕಿಕೊಳ್ಳಬೇಕು.

ವಾರ್‌ಜೋನ್ ಅನ್ನುವ ಇನ್ನೊಂದು ಗೇಮ್‌ನಲ್ಲಿ ನೆಲದ ಗನ್‌ಗೆ ನಾನು ತಲೆಯೇ ಕೆಡಿಸಿಕೊಳ್ಳುವುದಿಲ್ಲ. ಗೇಮ್ ಒಳಗಿನ ದುಡ್ಡು ಕೂಡಿಸಿ ಲೋಡೌಟ್ (ಮೊದಲೇ ಆರಿಸಿಟ್ಟ ಗನ್‌ಗಳ ಸೆಟ್) ತೆಗೆದುಕೊಂಡರೆ ನಿಮ್ಮದೇ ಗನ್ ಬರುತ್ತದೆ. ಅಂದರೆ ಅಲ್ಲಿ ಹುಡುಕಬೇಕಾದ್ದು ಪೆಟ್ಟಿಗೆಗಳು ಜಾಸ್ತಿ ಇರುವ, ಪಕ್ಕದಲ್ಲೇ ಒಂದು ಕಾಂಟ್ರಾಕ್ಟ್ (ಮುಗಿಸಿದರೆ ದುಡ್ಡು ಕೊಡುವ ಕೆಲಸ) ಇರುವ ಮೂಲೆ.

ಎದುರುಬದುರು:

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಪಬ್‌ಜಿಯಲ್ಲಿ ಲೆವೆಲ್ 3 ಸಿಗುವ ತನಕ ಹುಡುಕುತ್ತಲೇ ಇರುವುದು ಒಂದು ಚಟ. ನಾನೂ ವರ್ಷಗಟ್ಟಲೆ ಹಾಗೇ ಆಡಿದವನು. ಲೆಕ್ಕ ನೋಡಿ: ಲೆವೆಲ್ 1 ವೆಸ್ಟ್ ಏಟನ್ನು 30% ಕಡಿಮೆ ಮಾಡುತ್ತದೆ, ಲೆವೆಲ್ 2 40%, ಲೆವೆಲ್ 3 55%. ಲೆವೆಲ್ 3 ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದಕ್ಕಾಗಿ ಐದು ನಿಮಿಷ ಹೆಚ್ಚು ಹುಡುಕಿ, ಜೋನ್ ಅಂಚಿನಲ್ಲಿ ಬಯಲಲ್ಲಿ ಓಡುವಾಗ ನಾಲ್ಕು ಜನ ಒಟ್ಟಿಗೆ ಹೊಡೆದರೆ ಯಾವ ವೆಸ್ಟೂ ಉಳಿಸುವುದಿಲ್ಲ. ಅದೇ ಐದು ನಿಮಿಷ ಮೊದಲು ಹೋಗಿ ಜೋನ್ ಒಳಗೆ ಎರಡಂತಸ್ತಿನ ಮನೆ ಹಿಡಿದು ಕೂತಿದ್ದರೆ ಲೆವೆಲ್ 2 ಸಾಕು.

ಹೆಲ್ಮೆಟ್ ವಿಷಯದಲ್ಲಿ ಮಾತ್ರ ನಾನು ಹಟ ಮಾಡುತ್ತೇನೆ. ಕಾರ್98 ಅನ್ನುವ ಸ್ನೈಪರ್ ಗನ್‌ನ ಹೆಡ್‌ಶಾಟ್ (ತಲೆಗೆ ಬಿದ್ದ ಗುಂಡು) ಲೆವೆಲ್ 2 ಹೆಲ್ಮೆಟ್ ಇದ್ದರೂ ಒಂದೇ ಏಟಿಗೆ ಮುಗಿಸುತ್ತದೆ, ಹೊಸ ಲೆವೆಲ್ 3 ಇದ್ದರೆ ಬದುಕುತ್ತೀರಿ. ಎಡಬ್ಲ್ಯೂಎಂ ಸ್ನೈಪರ್ ಮುಂದೆ ಅದೂ ನಿಲ್ಲುವುದಿಲ್ಲ, ಆದರೆ ಅದು ಏರ್‌ಡ್ರಾಪ್‌ನಲ್ಲಿ (ವಿಮಾನ ಬೀಳಿಸುವ ಪೆಟ್ಟಿಗೆ) ಮಾತ್ರ ಬರುವ ಗನ್, ಎಲ್ಲರ ಕೈಯಲ್ಲೂ ಇರುವುದಿಲ್ಲ.

ನಾನು ಈಗ ಒಂದು ಮಿತಿ ಇಟ್ಟುಕೊಂಡಿದ್ದೇನೆ. ಒಂದು ರೈಫಲ್, ಗುಂಡು 150, ಯಾವುದಾದರೂ 3x ಅಥವಾ 4x ಸ್ಕೋಪ್, ಲೆವೆಲ್ 2 ಹೆಲ್ಮೆಟ್ ಮತ್ತು ವೆಸ್ಟ್ ಎರಡೂ, ಐದು ಫಸ್ಟ್ ಏಡ್, ಎರಡು ಸ್ಮೋಕ್ (ಹೊಗೆ ಬಾಂಬ್). ಇಷ್ಟಾದರೆ ಹೊರಡುತ್ತೇನೆ, ಮುಂದಿನ ಮನೆ ಎಷ್ಟೇ ಆಸೆ ಹುಟ್ಟಿಸಿದರೂ ಸರಿ. ಉಳಿದದ್ದು, ಲೆವೆಲ್ 3 ಹೆಲ್ಮೆಟ್ ಕೂಡ, ದಾರಿಯಲ್ಲಿ ಸಿಗುತ್ತದೆ. ಮಧ್ಯದ ಜೋನ್‌ಗೆ ಬರುವವರು ಒಳ್ಳೆ ಲೂಟ್ ಹೊತ್ತೇ ಬಂದಿರುತ್ತಾರೆ. ಒಬ್ಬನನ್ನು ಸರಿಯಾಗಿ ಕಾದು ಹೊಡೆದರೆ ಅವನು ಹತ್ತು ಮನೆಯಿಂದ ಆರಿಸಿ ತಂದದ್ದು ಅವನು ಸತ್ತಲ್ಲಿ ಬೀಳುವ ಒಂದೇ ಪೆಟ್ಟಿಗೆಯಲ್ಲಿ ಸಿಗುತ್ತದೆ.

ಒಂಟಿಬಾಣ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಮೂರು ದಿನ ಹೀಗೇ ಆಡಿ ನೋಡಿದೆ.

ಮಿಲ್ಟಾ ಪವರ್‌ನಲ್ಲಿ ಎರಡು ಸಲ ಇಳಿದೆ. ಮೊದಲ ಸಲ ಯಾರೂ ಇಲ್ಲ. ಮೇಲಿನಿಂದ ಕೆಳಗೆ ಬರುವಷ್ಟರಲ್ಲಿ ಎಂ416, 4x, ಲೆವೆಲ್ 3 ವೆಸ್ಟ್! ಎರಡನೇ ಸಲ ಇಳಿದು ಒಂದು ನಿಮಿಷಕ್ಕೆ ಕೆಳಗೆ ಕಾಲಿನ ಸದ್ದು ಕೇಳಿತು. ಮೆಟ್ಟಿಲ ಮೇಲೆ ಕೂತು ಕಾದೆ, ಅವನು ತಲೆ ಎತ್ತುವ ಮೊದಲೇ ಹೊಡೆದೆ. ಎತ್ತರ ನಿಮ್ಮದು ಅಂತ ಹೇಳಿದ್ದಿರಲ್ಲ, ಅದು ಆಗ ಅರ್ಥ ಆಯಿತು.

ಬಾಗಿಲಿನ ವಿಷಯ ಬಹಳ ಉಪಯೋಗಕ್ಕೆ ಬಂತು. ಲಿಪೊವ್ಕಾ ಹತ್ತಿರ ಒಂದು ಕಾಂಪೌಂಡ್‌ನಲ್ಲಿ ಮೂರು ಮನೆ, ಎರಡರ ಬಾಗಿಲು ಮುಚ್ಚಿತ್ತು, ಒಂದರದ್ದು ತೆರೆದಿತ್ತು. ಮೊದಲಾಗಿದ್ದರೆ ನೇರ ಒಳಗೆ ನುಗ್ಗುತ್ತಿದ್ದೆ. ಈ ಸಲ ಮರದ ಹಿಂದೆ ನಿಂತೆ. ಹತ್ತು ಸೆಕೆಂಡಿಗೆ ಕಿಟಕಿಯಲ್ಲಿ ಒಂದು ಹೆಲ್ಮೆಟ್ ಹಾದುಹೋಯಿತು.

ಈಗ ಎರಡು ಪ್ರಶ್ನೆ ಉಳಿದಿವೆ. ಮೂರು ಜನ ಇದ್ದಾಗ ಲೂಟ್ ಸಾಲುವುದಿಲ್ಲ, ಒಬ್ಬ ಯಾವಾಗಲೂ ಬರಿಗೈ. ಆಗ ಏನು ಮಾಡಬೇಕು? ಮತ್ತೆ ವಿಮಾನ ದೂರ ಇದ್ದ ದಿನ ಮಿಲಿಟರಿ ಬೇಸ್‌ಗೆ ಹೋದೆವು, ಲೂಟ್ ಭರ್ಜರಿ ಸಿಕ್ಕಿತು, ಆದರೆ ಸೇತುವೆ ಮೇಲೆ ಮೂರೂ ಜನ ಸತ್ತೆವು.

ಕೊನೆಜೋನ್:

ಓದಿ ಖುಷಿ ಆಯಿತು ಗುರು.

ಮೂರು ಜನ ಇದ್ದಾಗ ಒಂದೇ ಕಾಂಪೌಂಡ್‌ಗೆ ಇಳಿಯಬೇಡಿ, ಅಕ್ಕಪಕ್ಕದ ಮೂರಕ್ಕೆ ಇಳಿಯಿರಿ. ನಡುವೆ ನೂರು ನೂರೈವತ್ತು ಮೀಟರ್ ಸಾಕು, ಒಬ್ಬನ ಮೇಲೆ ಗುಂಡು ಬಿದ್ದರೆ ಇನ್ನಿಬ್ಬರು ಬೇಗ ತಲುಪುವಷ್ಟು. ಏನು ಸಿಕ್ಕಿತು ಅಂತ ಬಾಯಿ ಬಿಟ್ಟು ಹೇಳುತ್ತಾ ಇರಿ. ಒಬ್ಬನಿಗೆ ಎರಡು ಸ್ಕೋಪ್ ಸಿಕ್ಕು ಇನ್ನೊಬ್ಬ ಬರಿಗಣ್ಣಲ್ಲಿ ಆಡುವುದು ನಾನು ಎಷ್ಟೋ ಸಲ ನೋಡಿದ್ದೇನೆ. ಮಧ್ಯದ ಕಾಂಪೌಂಡ್‌ನಲ್ಲಿ ಸೇರಿ ಹಂಚಿಕೊಂಡು, ಒಂದೇ ಗಾಡಿಯಲ್ಲಿ ಹೊರಡಿ.

ಮಿಲಿಟರಿ ಬೇಸ್ ದ್ವೀಪದಲ್ಲಿದೆ. ಉತ್ತರದ ನೆಲಕ್ಕೆ ಎರಡೇ ಸೇತುವೆ, ಕಾಯುವವರು ಅಲ್ಲೇ ಕಾಯುತ್ತಾರೆ. ಸೇತುವೆಯನ್ನೇ ಮರೆತುಬಿಡಿ. ಲೂಟ್ ಮುಗಿದ ಮೇಲೆ ದಂಡೆಗೆ ಇಳಿದು ಬೋಟ್ ಹುಡುಕಿ, ದಡದಲ್ಲಿ ಅಲ್ಲಲ್ಲಿ ನಿಂತಿರುತ್ತವೆ. ಸೇತುವೆಯಿಂದ ದೂರ ದಾಟಿ, ಪೂರ್ವಕ್ಕೆ ಸುತ್ತು ಹಾಕಿ ಮಿಲ್ಟಾ ಕಡೆ ದಡ ಹತ್ತಿದರೆ ಇನ್ನೂ ಒಳ್ಳೆಯದು. ಬೋಟ್ ಸಿಗದಿದ್ದರೆ ಈಜಿ. ನಿಧಾನ, ಹೌದು, ಮತ್ತೆ ನೀರಲ್ಲಿ ಗನ್ ಹೊಡೆಯಲು ಆಗುವುದಿಲ್ಲ. ಹಾಗಾಗಿ ಜೋನ್ ಶುರುವಾಗುವ ಮೊದಲೇ ನೀರಿಗೆ ಇಳಿಯಬೇಕು, ದಡ ಹತ್ತಿರ ಬಂದಾಗ ಮುಳುಗಿ ಬನ್ನಿ. ಮೊದಲ ಜೋನ್‌ನ ಏಟು ಕಡಿಮೆ, ಫಸ್ಟ್ ಏಡ್ ಇದ್ದರೆ ಸ್ವಲ್ಪ ತಡವಾದರೂ ತಡೆದುಕೊಳ್ಳಬಹುದು. ಮೂರನೇ ಜೋನ್ ಆದ ಮೇಲೆ ಮಾತ್ರ ಆ ಧೈರ್ಯ ಬೇಡ.

ತುಕ್ಕುಗನ್:

ಬೋಟ್ ಇಂಜಿನ್ ಸದ್ದು ದೂರಕ್ಕೆ ಕೇಳುತ್ತದೆ, ಅದು ನೆನಪಿರಲಿ. ದಡಕ್ಕೆ ಸ್ವಲ್ಪ ದೂರ ಇರುವಾಗಲೇ ಆಫ್ ಮಾಡಿ ನೀರಿಗೆ ಇಳಿದು ಈಜಿ ಹೋಗಿ. ನಾವು ಯಾವಾಗಲೂ ಹಾಗೇ ಮಾಡುತ್ತೇವೆ. ಭಾನುವಾರ ರಾತ್ರಿ ನಾನೂ ಆನ್‌ಲೈನ್ ಇರುತ್ತೇನೆ, ನಾಲ್ಕನೆಯವನು ಬೇಕಿದ್ದರೆ ಹೇಳಿ.