ದುರ್ಬಲಗೊಳಿಸದ ಪ್ಲೇಟ್ ಖಾಲಿ, ನೂರು ಪಟ್ಟು ದುರ್ಬಲಗೊಳಿಸಿದ್ದರಲ್ಲಿ 14 ಕಾಲೊನಿ: ಹೀಗೇಕೆ?

ಪ್ರಶ್ನೆ – ವಿದ್ಯಾರ್ಥಿನಿ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ಕ್ಷಯದ ಬ್ಯಾಕ್ಟೀರಿಯಾವನ್ನು ಬೆಳೆಸುವಷ್ಟು ಸುರಕ್ಷತಾ ವ್ಯವಸ್ಥೆ ನಮ್ಮ ಪ್ರಯೋಗಾಲಯದಲ್ಲಿ ಇಲ್ಲದ ಕಾರಣ, ಅದೇ ಕುಲದ ಮೈಕೋಬ್ಯಾಕ್ಟೀರಿಯಂ ಸ್ಮೆಗ್ಮಾಟಿಸ್ ಮೇಲೆ ಎಂ.ಎಸ್ಸಿ. ಪ್ರಾಜೆಕ್ಟ್ ಮಾಡುತ್ತಿದ್ದೇನೆ. ಮಿಲಿಲೀಟರಿಗೆ 5 ಲಕ್ಷ ಬ್ಯಾಕ್ಟೀರಿಯಾಗಳಿದ್ದ ದ್ರವಕ್ಕೆ, ಬೆಳವಣಿಗೆ ತಡೆಯುವ ಕನಿಷ್ಠ ಪ್ರಮಾಣದ, ಅಂದರೆ ಎಂ.ಐ.ಸಿ.ಯ 64 ಪಟ್ಟು ಮಾಕ್ಸಿಫ್ಲಾಕ್ಸಸಿನ್ ಎಂಬ ಬ್ಯಾಕ್ಟೀರಿಯಾ ನಾಶಕ ಔಷಧ ಬೆರೆಸಿ, 24 ಗಂಟೆಗಳ ನಂತರ 0.1 ಮಿಲಿಲೀಟರನ್ನು ಅಗಾರ್ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿ) ಮೇಲೆ ಹರಡಿದೆ. ನೇರವಾಗಿ ಹರಡಿದ ಪ್ಲೇಟಿನಲ್ಲಿ ಒಂದೂ ಕಾಲೊನಿ (ಬ್ಯಾಕ್ಟೀರಿಯಾ ಬೆಳೆದು ಕಣ್ಣಿಗೆ ಕಾಣುವ ಚುಕ್ಕೆ) ಇಲ್ಲ. ದ್ರವವನ್ನು ನೂರು ಪಟ್ಟು ದುರ್ಬಲಗೊಳಿಸಿ, ಅಂದರೆ ತೆಳುವಾಗಿಸಿ, ಹರಡಿದ ಪ್ಲೇಟಿನಲ್ಲಿ 14 ಇವೆ. ಯಾವುದನ್ನು ನಂಬಲಿ?

ಉತ್ತರ 1 – ಉಪನ್ಯಾಸಕ, ಬೀದರ್

14 ಕಾಲೊನಿಗಳನ್ನೇ ನಂಬಿರಿ. ದ್ರವದ ಜೊತೆಗೆ ಔಷಧವೂ ಪ್ಲೇಟಿಗೆ ಬಂದಿದೆ. ಬದುಕಿದ್ದ ಬ್ಯಾಕ್ಟೀರಿಯಾಗಳು ಅಲ್ಲಿ ಬೆಳೆಯಲಾಗದೆ ಸುಮ್ಮನೆ ಕುಳಿತಿವೆ. ನೂರು ಪಟ್ಟು ದುರ್ಬಲಗೊಳಿಸಿದಾಗ ಔಷಧವೂ ಅಷ್ಟೇ ಕಡಿಮೆಯಾಗಿ ಅವು ತಲೆಯೆತ್ತಿವೆ. ಲೆಕ್ಕ ಹಾಕಿದರೆ ಮಿಲಿಲೀಟರಿಗೆ 14,000 ಉಳಿದಿವೆ, ಅಂದರೆ ನೂರಕ್ಕೆ ಸುಮಾರು ಮೂರು. ಔಷಧವು ಕೊಲ್ಲುತ್ತದೆ ಎನ್ನಲು ರೂಢಿಯಲ್ಲಿರುವ ಅಳತೆ ಶೇಕಡಾ 99.9, ಆ ಲೆಕ್ಕದಲ್ಲಿ 500ಕ್ಕಿಂತ ಹೆಚ್ಚು ಉಳಿಯಬಾರದಿತ್ತು. ಖಾಲಿ ಪ್ಲೇಟನ್ನು ನೋಡಿ ವರದಿ ಬರೆದಿದ್ದರೆ ಇದಕ್ಕೆ ಪೂರ್ತಿ ತದ್ವಿರುದ್ಧವಾದ ತೀರ್ಮಾನ ಬರುತ್ತಿತ್ತು.

ಇದನ್ನು ನೀವೇ ಪರೀಕ್ಷಿಸಬಹುದು. ಔಷಧ ಸೋಕದ ಬ್ಯಾಕ್ಟೀರಿಯಾಗಳಿಗೆ ಅದೇ ಪ್ರಮಾಣದ ಔಷಧ ಬೆರೆಸಿ, ತಡಮಾಡದೆ ಹರಡಿರಿ. ಕೊಲ್ಲಲು ಸಮಯವೇ ಸಿಗದಿದ್ದಾಗಲೂ ಎಣಿಕೆ ಕುಸಿದರೆ, ತಪ್ಪು ಪ್ಲೇಟಿನ ಮೇಲಿನ ಔಷಧದ್ದು. ಆಮೇಲಿನ ಪ್ರಯೋಗಗಳಲ್ಲಿ ಸೆಂಟ್ರಿಫ್ಯೂಜ್ ಮಾಡಿ (ವೇಗವಾಗಿ ತಿರುಗಿಸಿ ಬ್ಯಾಕ್ಟೀರಿಯಾಗಳನ್ನು ತಳಕ್ಕಿಳಿಸಿ) ಎರಡು ಸಲ ತೊಳೆದೇ ಹರಡಿರಿ. ಬೆಡಾಕ್ವಿಲಿನ್‌ನಂತಹ ಜಿಡ್ಡಿಗೆ ಅಂಟುವ ಔಷಧವಾದರೆ ತೊಳೆದರೂ ಸಾಲದು. ಅಗಾರಿಗೆ ಸಕ್ರಿಯ ಇದ್ದಿಲನ್ನು ಸೇರಿಸುತ್ತಾರೆ, ಅದು ಔಷಧವನ್ನು ಹೀರಿಕೊಳ್ಳುತ್ತದೆ.

ಉತ್ತರ 2 – ಪ್ರಯೋಗಾಲಯ ತಂತ್ರಜ್ಞೆ, ಯಾದಗಿರಿ

ಸರ್ ಹೇಳಿದ್ದು ಸರಿ. ಅದಕ್ಕೆ ಒಂದು ಮಾತು ಸೇರಿಸುತ್ತೇನೆ. ಮೇಣದಂತಹ ಹೊದಿಕೆಯ ಈ ಬ್ಯಾಕ್ಟೀರಿಯಾಗಳು ಒಂದಕ್ಕೊಂದು ಅಂಟಿಕೊಂಡು ಗಂಟು ಕಟ್ಟುತ್ತವೆ. ನೂರು ಬ್ಯಾಕ್ಟೀರಿಯಾಗಳ ಗಂಟಿನಿಂದಲೂ ಒಂದೇ ಕಾಲೊನಿ ಬರುವುದರಿಂದ, ಗಂಟು ಬಿಡಿಸದಿದ್ದರೆ ಎಣಿಕೆಯೇ ಸುಳ್ಳಾಗುತ್ತದೆ. ಮಾಧ್ಯಮದಲ್ಲಿ 0.05 ಶೇಕಡಾ ಟ್ವೀನ್ 80 (ಗಂಟು ಬಿಡಿಸುವ ಸೋಪಿನಂತಹ ವಸ್ತು) ಇರಲಿ, ಗಾಜಿನ ಮಣಿಗಳೊಂದಿಗೆ ಅಲುಗಾಡಿಸಿ, ದೊಡ್ಡ ಗಂಟುಗಳು ತಳ ಸೇರಿದ ಮೇಲೆ ಮೇಲಿನ ದ್ರವವನ್ನಷ್ಟೇ ತೆಗೆದುಕೊಳ್ಳಿ.

ಸ್ಮೆಗ್ಮಾಟಿಸ್ ಮೂರು ದಿನಕ್ಕೆ ಕಾಣುತ್ತದೆ. ಕ್ಷಯದ ಬ್ಯಾಕ್ಟೀರಿಯಾ ಒಂದು ಎರಡಾಗಲು ಸುಮಾರು 20 ಗಂಟೆ ಬೇಕಾಗುವುದರಿಂದ ಮೂರು-ನಾಲ್ಕು ವಾರ ಕಾಯಬೇಕು. ಒಣಗಿದ ಜೋಳದ ರೊಟ್ಟಿಯ ಚೂರಿನಂತೆ ಒರಟಾದ, ಮಸುಕು ಹಳದಿ ಕಾಲೊನಿಗಳು ಆಗ ಕಾಣಿಸಿಕೊಳ್ಳುತ್ತವೆ. ನಮ್ಮ ಕಡೆಯ ಬೇಸಿಗೆಯಲ್ಲಿ ಅಷ್ಟು ದಿನ ಇಟ್ಟರೆ ಅಗಾರ್ ಒಣಗಿ ಅಂಚು ಬಿಡುತ್ತದೆ. ಪ್ಲೇಟುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿಟ್ಟು ನೀವು ಈಗಲೇ ಅಭ್ಯಾಸ ಮಾಡಿಕೊಳ್ಳುವುದು ಒಳ್ಳೆಯದು.

ವಿದ್ಯಾರ್ಥಿನಿ, ಕಲಬುರಗಿ

ಇಬ್ಬರಿಗೂ ಧನ್ಯವಾದಗಳು. ಸೊನ್ನೆ ಬಂದಿತೆಂದು ನಾನು ಬಹಳ ಸಂತೋಷಪಟ್ಟಿದ್ದೆ. ಇನ್ನೊಂದು ಸಂದೇಹವಿದೆ: ಸರಿಯಾಗಿ ತೊಳೆದ ಮೇಲೂ ಉಳಿಯುವವುಗಳನ್ನು ನಿರೋಧಕ ಎನ್ನಬಹುದೇ?

ಉತ್ತರ 3 – ಉಪನ್ಯಾಸಕ, ಬೀದರ್

ಪರೀಕ್ಷಿಸದೆ ಹಾಗೆನ್ನಬಾರದು. ಉಳಿದ ಕಾಲೊನಿಯನ್ನು ಮತ್ತೆ ಬೆಳೆಸಿ ಎಂ.ಐ.ಸಿ. ನೋಡಿರಿ. ಅದು ಹೆಚ್ಚಾಗಿದ್ದರೆ ನಿರೋಧಕ. ಮೊದಲಿನಷ್ಟೇ ಇದ್ದರೆ, ಔಷಧವಿದ್ದಾಗ ಮಂದವಾಗಿದ್ದು ಬದುಕುಳಿದ ಸಹಿಷ್ಣು ಬ್ಯಾಕ್ಟೀರಿಯಾ. ಕ್ಷಯದ ಔಷಧವಾದ ಐಸೋನಿಯಾಜಿಡ್ ಮೊದಲೆರಡು ದಿನ ವೇಗವಾಗಿ ಕೊಂದು ಆಮೇಲೆ ನಿಧಾನವಾಗುವುದಕ್ಕೂ ಇಂಥ ಮಂದ ಬ್ಯಾಕ್ಟೀರಿಯಾಗಳು ಒಂದು ಕಾರಣ. ಕ್ಷಯರೋಗಿಗಳು ಹಲವು ಔಷಧಗಳನ್ನು ಸೇರಿಸಿ ಆರು ತಿಂಗಳು ನುಂಗಬೇಕಾಗಿರುವುದರ ಹಿಂದೆಯೂ ಇವೇ ಇವೆ. ಆದ್ದರಿಂದ 24 ಗಂಟೆಯ ಒಂದೇ ಎಣಿಕೆಗೆ ನಿಲ್ಲಿಸದೆ, 0, 3, 6, 12, 24, 48 ಗಂಟೆಗಳಲ್ಲಿ ಎಣಿಸಿ ಗ್ರಾಫ್ ಎಳೆಯಿರಿ. ರೇಖೆ ಎಲ್ಲಿ ಬಾಗುತ್ತದೆಯೋ ಅದನ್ನು ಇಲ್ಲಿ ಬರೆಯಿರಿ.